ಮಾತಾಡುವ ಪೆಟ್ಟಿಗೆ ಎಲ್ಲಿ ಸುಮ್ಮನಾಗಬೇಕು?

ಕಾಸರಗೋಡಿನ ಸಣ್ಣ ಮಗುವೊಂದರ ಕಿವಿಗೆ ದಿನಕ್ಕೆ ಎಷ್ಟು ಭಾಷೆ ಬೀಳುತ್ತದೆ ಎಂದು ಲೆಕ್ಕ ಹಾಕಿದರೆ ಹೊರಗಿನವರಿಗೆ ಆಶ್ಚರ್ಯವಾದೀತು. ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ಮನೆಯಾದರೆ ಅಜ್ಜಿಯ ಮಾತು ಹವ್ಯಕ ಕನ್ನಡವೋ ತುಳುವೋ, ಅಂಗನವಾಡಿ ಟೀಚರ್ ಮಲಯಾಳದಲ್ಲಿ ಮಾತಾಡಿಸುತ್ತಾರೆ, ಅಕ್ಕನ ಶಾಲೆಯ ಪುಸ್ತಕ ಕನ್ನಡದ್ದು. ಮಂಜೇಶ್ವರದ ಕಡೆ ಕೊಂಕಣಿ, ಉಪ್ಪಳದಲ್ಲಿ ಬ್ಯಾರಿ ಮತ್ತು ಉರ್ದು, ಮುಳ್ಳೇರಿಯ ಕಾರಡ್ಕದ ಕಡೆ ಮರಾಠಿ. ಸಪ್ತಭಾಷಾ ಸಂಗಮ ಎಂದು ಸಭೆಗಳಲ್ಲಿ ಹೇಳುವುದು ಇಲ್ಲಿಯ ಮಗುವಿಗೆ ದಿನನಿತ್ಯದ ಕೆಲಸ. ಯಾರ ಹತ್ತಿರ ಯಾವ ಮಾತು ಎಂದು ಅದು ಶಾಲೆಗೆ ಸೇರುವ ಎಷ್ಟೋ ಮೊದಲೇ ವಿಂಗಡಿಸಿಕೊಂಡಿರುತ್ತದೆ. ಅಂಥ ಮಗುವಿನ ಮುಂದೆ ಪೇಟೆಯಿಂದ ತಂದಿಟ್ಟ ‘ಸ್ಮಾರ್ಟ್’ ಆಟಿಕೆ ಗುಂಡಿ ಒತ್ತಿದ ಕೂಡಲೇ ಇಂಗ್ಲಿಷಿನಲ್ಲಿ ಒಂದು ಹಣ್ಣಿನ ಹೆಸರು ಹೇಳಿ, ಹಾಡಿ, ದೀಪ ಮಿನುಗಿಸಿ, ಮಗು ಬಾಯಿ ತೆರೆಯುವ ಮೊದಲೇ ಮುಂದಿನ ಪ್ರಶ್ನೆ ಕೇಳುತ್ತದೆ.

ಮಗು ಏನು ಮಾಡಿತೋ ಅದಕ್ಕೆ ತಕ್ಷಣ, ಒಂದೇ ಸಲ, ಮನೆಯ ಮಾತಿನಲ್ಲಿ ಉತ್ತರಿಸಿ ಸುಮ್ಮನಾಗುವ ಆಟಿಕೆ ನಮಗೆ ಬೇಕು. ಉಳಿದ ಮಾತು ಮಗು ಮತ್ತು ಪಕ್ಕದಲ್ಲಿ ಕೂತವರ ನಡುವೆ ನಡೆಯಲಿ. ಅಂಥದ್ದನ್ನು ಹಲಸಿನ ಮರ, ಕೆಲವು ಅಗ್ಗದ ಬೋರ್ಡು, ಮೂರು ಬ್ಯಾಟರಿ ಸೆಲ್ ಇಟ್ಟುಕೊಂಡು ಹೇಗೆ ಕಟ್ಟುವುದು, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದೆ.

ಸುಮ್ಮನಾಗುವುದಕ್ಕೆ ಇಷ್ಟು ಮಹತ್ವ ಯಾಕೆ? 2016ರಲ್ಲಿ ಅಮೆರಿಕದ ಆನಾ ಸೋಸಾ ‘ಜಾಮಾ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 10ರಿಂದ 16 ತಿಂಗಳ 26 ಮಕ್ಕಳು ತಂತಮ್ಮ ಮನೆಯಲ್ಲಿ ಹೆತ್ತವರ ಜೊತೆ ಆಡುವಾಗಿನ ಮಾತನ್ನು ಧ್ವನಿಮುದ್ರಿಸಿಕೊಂಡರು. ಒಮ್ಮೆ ಬ್ಯಾಟರಿ ಆಟಿಕೆ, ಒಮ್ಮೆ ಮರದ ತುಂಡು ಮುಂತಾದ ಸಾಂಪ್ರದಾಯಿಕ ಆಟಿಕೆ, ಒಮ್ಮೆ ಪುಸ್ತಕ. ಬ್ಯಾಟರಿ ಆಟಿಕೆ ಇದ್ದಾಗ ದೊಡ್ಡವರು ಆಡಿದ ಮಾತು ಕಡಿಮೆ, ಮಗು ದೊಡ್ಡವರ ನಡುವಿನ ಮಾತಿನ ಕೊಡುಕೊಳ್ಳುವಿಕೆಯೂ ಕಡಿಮೆ. ಪುಸ್ತಕ ಹಿಡಿದಾಗ ಎಲ್ಲಕ್ಕಿಂತ ಹೆಚ್ಚು ಮಾತು. ಮಕ್ಕಳ ಸಂಖ್ಯೆ ಸಣ್ಣದು, ಅದರಿಂದ ಲೋಕಕ್ಕೆಲ್ಲ ತೀರ್ಪು ಕೊಡಬೇಕಾಗಿಲ್ಲ. ಆದರೆ ಕಾರಣ ಊಹಿಸುವುದು ಕಷ್ಟವಲ್ಲ: ಆಟಿಕೆ ಮಾತಾಡುತ್ತಿರುವಾಗ ದೊಡ್ಡವರು ಅದು ಮುಗಿಯಲಿ ಎಂದು ಕಾಯುತ್ತಾರೆ, ಅದು ಮುಗಿಯುವುದೇ ಇಲ್ಲ. ಎಳೆಯ ಮಿದುಳಿಗೆ ಬೇಕಾದದ್ದು ತನ್ನ ಸದ್ದಿಗೆ, ನೋಟಕ್ಕೆ, ಕೈಚಾಚಿದ್ದಕ್ಕೆ ಎದುರಿನವರಿಂದ ಬರುವ ಪ್ರತಿಸ್ಪಂದನ. ಆ ಕೆಲಸ ಅಜ್ಜಿ ಮಾಡಿದಷ್ಟು ಚೆನ್ನಾಗಿ ಯಾವ ಚಿಪ್ಪೂ ಮಾಡಲಾರದು.

ಮೊಬೈಲ್, ಟಿವಿಯಂಥ ಪರದೆ ನಮ್ಮ ಆಟಿಕೆಯಲ್ಲಿ ಇಲ್ಲ. ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದು, ಎರಡರಿಂದ ನಾಲ್ಕರವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪರದೆಯಿಲ್ಲದೆ, ಕೈಯಲ್ಲಿ ಹಿಡಿಯುವ ವಸ್ತುವಿನಿಂದಲೇ ಯಂತ್ರವನ್ನು ನಡೆಸುವ ಯೋಚನೆ ಹೊಸದೂ ಅಲ್ಲ. 1970ರ ದಶಕದ ನಡುಭಾಗದಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೇಡಿಯಾ ಪರ್ಲ್‌ಮನ್, ಓದಲು ಬಾರದ ಮಕ್ಕಳು ಪ್ಲಾಸ್ಟಿಕ್ ಕಾರ್ಡುಗಳನ್ನು ಸೀಳಿನಲ್ಲಿ ಸಿಕ್ಕಿಸಿ ನೆಲದ ಮೇಲಿನ ರೋಬೋಟ್ ಆಮೆಯನ್ನು ಓಡಿಸುವ ವ್ಯವಸ್ಥೆ ಮಾಡಿದ್ದರು. ನಮ್ಮ ಪೆಟ್ಟಿಗೆ ಅದಕ್ಕಿಂತ ಎಷ್ಟೋ ಸರಳ: ಮರದ ಬೆಕ್ಕನ್ನು ಪೆಟ್ಟಿಗೆಯ ಗುಳಿಯಲ್ಲಿಟ್ಟರೆ ಅಜ್ಜಿಯ ದನಿಯಲ್ಲಿ ‘ಪುಚ್ಚೆ’ ಎನ್ನುತ್ತದೆ, ಅಷ್ಟೆ.

ಒಳಗೆ ಏನಿದೆ

ಮರದ ಪ್ರತಿ ಬೊಂಬೆಯ ತಳದೊಳಗೂ 25 ಮಿ.ಮೀ. ಅಗಲದ ಎನ್‌ಎಫ್‌ಸಿ ಸ್ಟಿಕರ್ ಟ್ಯಾಗ್ (ಎನ್‌ಟ್ಯಾಗ್ 213) ಇರುತ್ತದೆ. ರೀಡರಿನ ಹತ್ತಿರ ತಂದರೆ ತನ್ನ ಗುರುತು ಹೇಳುವ ಪುಟ್ಟ ಚೀಟಿ ಅದು, ಅದಕ್ಕೆ ಬ್ಯಾಟರಿ ಬೇಡ. ಪೆಟ್ಟಿಗೆಯ ಮುಚ್ಚಳದ ಕೆಳಗೆ 13.56 ಮೆಗಾಹರ್ಟ್ಸಿನ ಆರ್‌ಸಿ522 ರೀಡರ್, 40 × 60 ಮಿ.ಮೀ. ಬೋರ್ಡು. ಸದ್ದಿಗೆ ಡಿಎಫ್‌ಪ್ಲೇಯರ್ ಮಿನಿ ಎಂಬ ಪುಟ್ಟ ಎಂಪಿ3 ಬೋರ್ಡು, ಅದರಲ್ಲಿ ಮೈಕ್ರೋ ಎಸ್‌ಡಿ ಕಾರ್ಡು, 8 ಓಮಿನ ಪುಟ್ಟ ಸ್ಪೀಕರ್. ಇವುಗಳನ್ನು ನಡೆಸುವುದಕ್ಕೆ ಆರ್ಡುಯಿನೋ ಪ್ರೋ ಮಿನಿ ಎಂಬ ಪುಟ್ಟ ನಿಯಂತ್ರಕ ಬೋರ್ಡು, ಅದೂ 3.3 ವೋಲ್ಟ್ 8 ಮೆಗಾಹರ್ಟ್ಸಿನದ್ದೇ ಆಗಬೇಕು. ಹೆಚ್ಚಿನವರು ಸುಲಭಕ್ಕೆ ಸಿಗುವ 5 ವೋಲ್ಟಿನ ಆರ್ಡುಯಿನೋ ನ್ಯಾನೋ ಹಾಕುತ್ತಾರೆ. ಆದರೆ ಆರ್‌ಸಿ522 ಇರುವುದು 3.3 ವೋಲ್ಟಿಗೆ, 5 ವೋಲ್ಟಿನ ಸಂಕೇತ ಕೊಟ್ಟರೆ ಕೆಲವು ದಿನ ಓಡಿ ಆಮೇಲೆ ಒಮ್ಮೊಮ್ಮೆ ಓದುವುದು, ಒಮ್ಮೊಮ್ಮೆ ಓದದಿರುವುದು ಶುರುವಾಗುತ್ತದೆ. ಆಟಿಕೆಯ ಮಟ್ಟಿಗೆ ಇದು ಪೂರ್ತಿ ಕೆಟ್ಟುಹೋಗುವುದಕ್ಕಿಂತ ಕೆಟ್ಟದ್ದು. ಇಟ್ಟರೆ ಮಾತು ಬರುತ್ತದೆ ಎಂಬ ನಂಟನ್ನೇ ಮಗು ಕಲಿಯುತ್ತಿರುವಾಗ ಆ ನಂಟು ಆಗಾಗ ಕಡಿದರೆ ಅದು ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ವಿದ್ಯುತ್ತಿಗೆ ಮೂರು ಎಎ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಸಾಕು, ಒಟ್ಟು 3.6 ವೋಲ್ಟ್. ನಾಲ್ಕು ಹಾಕಿದರೆ ಹೊಸದಾಗಿ ಚಾರ್ಜ್ ಮಾಡಿದಾಗ 5.5 ವೋಲ್ಟ್ ದಾಟುತ್ತದೆ, ಡಿಎಫ್‌ಪ್ಲೇಯರಿಗೆ 5ರ ಮೇಲೆ ಕೊಡಬಾರದು. ಪ್ಲೇಯರಿಗೆ ನೇರ ಬ್ಯಾಟರಿಯಿಂದ, ರೀಡರಿಗೆ ಪ್ರೋ ಮಿನಿಯ 3.3 ವೋಲ್ಟ್ ಕಾಲಿನಿಂದ ತಂತಿ ಎಳೆಯಿರಿ. ಪ್ಲೇಯರಿನ ಕಾಲುಗಳಿಗೆ ಆದಷ್ಟು ಹತ್ತಿರ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಕೂರಿಸಬೇಕು. ಅದಿಲ್ಲದಿದ್ದರೆ ದನಿ ಏರುವಾಗ ವೋಲ್ಟೇಜ್ ಕುಸಿದು ಬೋರ್ಡು ಮೊದಲಿಂದ ಶುರುವಾಗುತ್ತದೆ. ಮಗು ಬೆಕ್ಕನ್ನಿಟ್ಟಾಗ ‘ಪು’ ಎಂದು ಮಾತು ತುಂಡಾಗುವುದು ಇದರಿಂದಲೇ. ಪ್ರೋ ಮಿನಿಯಿಂದ ಪ್ಲೇಯರಿನ ಆರ್‌ಎಕ್ಸ್ ಕಾಲಿಗೆ ಹೋಗುವ ತಂತಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಹಿನ್ನೆಲೆಯ ಗುಂಯ್‌ಗುಡುವಿಕೆ ಇಳಿಯುತ್ತದೆ.

ಸದ್ದಿನ ಮಿತಿಯನ್ನು ಪ್ರೋಗ್ರಾಮಿಗೆ ಮಾತ್ರ ಬಿಡಬೇಡಿ. ಪ್ಲೇಯರಿನಲ್ಲಿ ವಾಲ್ಯೂಮ್ 0ರಿಂದ 30ರವರೆಗೆ ಇದೆ, ಆನ್ ಆದಾಗ ಅದು ಗರಿಷ್ಠದಲ್ಲೇ ಏಳಬಹುದು. ಆದ್ದರಿಂದ ಸ್ಪೀಕರಿಗೆ ಸರಣಿಯಲ್ಲಿ 22 ಓಮ್, ಅರ್ಧ ವಾಟಿನ ರೆಸಿಸ್ಟರ್ ಬೆಸೆದುಬಿಡಿ. 8 ಓಮಿನ ಸ್ಪೀಕರಿಗೆ ಇದರಿಂದ ಸುಮಾರು 11 ಡೆಸಿಬೆಲ್ ಕಡಿಮೆಯಾಗುತ್ತದೆ, ಪ್ರೋಗ್ರಾಮ್ ಏನೇ ಎಡವಟ್ಟು ಮಾಡಿದರೂ ಕಿವಿಗೆ ಅಪಾಯವಿಲ್ಲ. ಮಕ್ಕಳು ಸ್ಪೀಕರಿಗೆ ಕಿವಿ ಒತ್ತಿಯೇ ಕೇಳುತ್ತಾರೆ ಎಂದು ಎಣಿಸಿಯೇ ಅಳತೆ ಮಾಡಬೇಕು. 25 ಸೆಂ.ಮೀ. ದೂರದಲ್ಲಿ ಮಾಮೂಲು ಮಾತಿನಷ್ಟು, ಅಂದರೆ 60 ಡೆಸಿಬೆಲ್ ಸುಮಾರಿಗೆ ನಿಂತರೆ ಸಾಕು.

ಮುಚ್ಚಳದ ಮರ 12 ಮಿ.ಮೀ. ಇರಲಿ, ರೀಡರ್ ಕೂರುವಲ್ಲಿ ಮಾತ್ರ ಒಳಗಿನಿಂದ ಕೊರೆದು 4 ಮಿ.ಮೀ. ಉಳಿಸಿ. ಬೊಂಬೆಯ ತಳದಲ್ಲೂ ಟ್ಯಾಗಿನ ಮೇಲೆ 2 ಮಿ.ಮೀ. ಮರ ಇರುತ್ತದೆಯಾದ್ದರಿಂದ ಇದಕ್ಕಿಂತ ದಪ್ಪ ಬಿಟ್ಟರೆ ಓದುವಿಕೆ ಅನಿಶ್ಚಿತವಾಗುತ್ತದೆ. ಸ್ಪೀಕರಿನ ಅಯಸ್ಕಾಂತ, ಬ್ಯಾಟರಿ ಗೂಡು, ಉದ್ದ ಸ್ಕ್ರೂ ಇವೆಲ್ಲ ರೀಡರಿನಿಂದ 5 ಸೆಂ.ಮೀ. ಆಚೆಗಿರಲಿ, ಲೋಹ ಹತ್ತಿರವಿದ್ದರೆ ಆಂಟೆನಾದ ಶ್ರುತಿ ತಪ್ಪುತ್ತದೆ. ಬೊಂಬೆಯ ತಳದಲ್ಲಿ 26 ಮಿ.ಮೀ. ಅಗಲದ ಗುಂಡಿ ತೋಡಿ, ಟ್ಯಾಗ್ ಅಂಟಿಸಿ, ಅದರ ಮೇಲೆ ಮರದ ಬಿಲ್ಲೆ ಕೂರಿಸಿ ನೀರು ತಡೆಯುವ ಮರದಂಟಿನಿಂದ ಮುಚ್ಚಬೇಕು. ಸ್ಟಿಕರನ್ನು ಹೊರಗೆ ಅಂಟಿಸಿದರೆ ಮಗು ಅದನ್ನು ಕಿತ್ತು ಬಾಯಿಗೆ ಹಾಕುವುದು ಖಂಡಿತ. ಬೊಂಬೆಯ ಸಂಖ್ಯೆಯನ್ನು ಟ್ಯಾಗಿನ ಒಳಗಿನ ಸ್ಮೃತಿಯಲ್ಲೇ ಬರೆದಿಡಿ. ಪ್ರೋಗ್ರಾಮಿನಲ್ಲಿ ಟ್ಯಾಗಿನ ಗುರುತು ಸಂಖ್ಯೆಗಳ ಪಟ್ಟಿ ಮಾಡಿದರೆ ನಾಳೆ ಒಂದು ಬೊಂಬೆ ಕಳೆದು ಹೊಸದು ಮಾಡಿದಾಗ ಇಡೀ ಪ್ರೋಗ್ರಾಮ್ ಬದಲಿಸಬೇಕಾಗುತ್ತದೆ.

ರೀಡರನ್ನು ಸದಾ ಉರಿಸುವುದು ಬೇಡ. ನೂರು ಮಿಲಿಸೆಕೆಂಡಿಗೊಮ್ಮೆ ಎಬ್ಬಿಸಿ, ನೋಡಿ, ಮತ್ತೆ ಮಲಗಿಸಿದರೆ ಬ್ಯಾಟರಿ ಹಲವು ಪಟ್ಟು ಹೆಚ್ಚು ಬಾಳುತ್ತದೆ. ಬೊಂಬೆ ಇಟ್ಟದ್ದಕ್ಕೂ ದನಿ ಬರುವುದಕ್ಕೂ ನಡುವೆ ಅರ್ಧ ಸೆಕೆಂಡು ದಾಟಬಾರದು, ದಾಟಿದರೆ ಮಗು ಅದನ್ನೆತ್ತಿ ಮತ್ತೆ ಕುಟ್ಟುತ್ತದೆ. ಎಂಪಿ3 ಫೈಲಿನ ಮೊದಲಲ್ಲಿ ಉಳಿದ ಮೌನವನ್ನು ಕತ್ತರಿಸುವುದರಿಂದಲೇ ಅರ್ಧ ಸಮಸ್ಯೆ ತೀರುತ್ತದೆ. ಮರದ ಬೊಂಬೆ ಮರದ ಗುಳಿಗೆ ಬೀಳುವ ‘ಟಕ್’ ಇನ್ನರ್ಧ ಕೆಲಸ ಮಾಡುತ್ತದೆ. ಕೈಗೆ, ಕಿವಿಗೆ ಉತ್ತರ ಆಗಲೇ ಬಂದಿರುತ್ತದೆ.

ದನಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು, ಹಿಡಿಯಬೇಕಾದದ್ದು ಇದು. ಇಂಗ್ಲಿಷಿನ ಆಟಿಕೆಗಳಲ್ಲಿ ವಾಕ್ಯದ ತುಂಡುಗಳನ್ನು ಬೇರೆಬೇರೆ ಧ್ವನಿಮುದ್ರಿಸಿ ಜೋಡಿಸುವ ಪದ್ಧತಿ ಇದೆ. ಕನ್ನಡದಲ್ಲಿ ಅದು ನಡೆಯದು. ‘ಹುಲ್ಲು ಯಾರಿಗೆ ಕೊಡೋಣ’ ಎಂಬ ಆಟಕ್ಕೆ ಬೆಕ್ಕಿಗೆ, ನಾಯಿಗೆ, ಹಸುವಿಗೆ ಎಂದು ಒಂದೊಂದು ಹೆಸರೂ ಒಂದೊಂದು ರೀತಿ ತಿರುಗುತ್ತದೆ. ಕಾಯಿಗೆ ಮೂರು, ಮಕ್ಕಳಿಗೆ ಮೂವರು. ತುಂಡು ಜೋಡಿಸಿದರೆ ರೈಲ್ವೆ ನಿಲ್ದಾಣದ ಪ್ರಕಟಣೆಯ ಹಾಗೆ ಕೇಳಿಸುತ್ತದೆ, ಮಗು ಅದನ್ನೇ ಅನುಕರಿಸುತ್ತದೆ. ಆದ್ದರಿಂದ ಪ್ರತಿ ವಾಕ್ಯವನ್ನೂ ಇಡಿಯಾಗಿ ಮುದ್ರಿಸಬೇಕು. 12 ಬೊಂಬೆ, ಬೊಂಬೆಗೆ 6 ವಾಕ್ಯ, ಮೂರು ಭಾಷೆ ಎಂದರೆ 216 ಫೈಲು. ಪ್ಲೇಯರಿಗೆ 01ರಿಂದ 99ರವರೆಗೆ ಫೋಲ್ಡರ್, ಪ್ರತಿ ಫೋಲ್ಡರಿನಲ್ಲಿ 001ರಿಂದ 255ರವರೆಗೆ ಫೈಲ್ ಇಡಬಹುದು. ಭಾಷೆಗೊಂದು ಫೋಲ್ಡರ್, ಅದರಲ್ಲಿ 72 ಫೈಲು, ಎಲ್ಲ ಫೋಲ್ಡರಿನಲ್ಲೂ ಒಂದೇ ಕ್ರಮ.

ಭಾಷೆ ಬದಲಿಸಲು ಸ್ವಿಚ್ ಇಡಬೇಡಿ. ಅಜ್ಜಿ, ಅಪ್ಪ, ಟೀಚರ್ ಎಂದು ಮೂರು ಮನುಷ್ಯ ಬೊಂಬೆ ಮಾಡಿ. ಅಜ್ಜಿಯನ್ನು ಗುಳಿಯಲ್ಲಿಟ್ಟರೆ ಅಲ್ಲಿಂದ ಮುಂದೆ ಎಲ್ಲ ಮಾತೂ ಅಜ್ಜಿಯ ದನಿಯಲ್ಲಿ, ಅಜ್ಜಿಯ ಭಾಷೆಯಲ್ಲಿ. ಟೀಚರನ್ನಿಟ್ಟರೆ ಅದೇ ಬೆಕ್ಕು ‘ಪೂಚ್ಚ’. ಮೂರು ವರ್ಷದ ಮಗುವಿಗೆ ಭಾಷೆಯ ಹೆಸರು ಗೊತ್ತಿರಬೇಕೆಂದಿಲ್ಲ, ಯಾರು ಹೇಗೆ ಮಾತಾಡುತ್ತಾರೆ ಎಂಬುದು ಚೆನ್ನಾಗಿ ಗೊತ್ತು. ಮನೆಯಲ್ಲಿ ತುಳುವೊಂದೇ ಇದ್ದರೆ ಒಂದೇ ಫೋಲ್ಡರ್ ಸಾಕು, ಮೂರು ತುಂಬಲೇಬೇಕೆಂದಿಲ್ಲ.

ಮುದ್ರಣಕ್ಕೆ ಸಾಧಾರಣ ಮೊಬೈಲ್ ಸಾಕು. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂತರೆ ಗೋಡೆಯ ಪ್ರತಿಧ್ವನಿ ತಗ್ಗುತ್ತದೆ. ಬಾಯಿಯಿಂದ ಮೊಬೈಲಿಗೆ ಒಂದು ಗೇಣು. ಮಳೆ ಬರುವಾಗ, ಶೀಟಿನ ಮಾಡಿನ ಕೆಳಗಂತೂ, ಈ ಕೆಲಸಕ್ಕೆ ಕೂರಬೇಡಿ. ಆಮೇಲೆ ಆಡಾಸಿಟಿ ಎಂಬ ಧ್ವನಿ ತಿದ್ದುವ ಪ್ರೋಗ್ರಾಮಿನಲ್ಲಿ ಎಲ್ಲ ಫೈಲುಗಳ ದನಿಯನ್ನು ಒಂದೇ ಮಟ್ಟಕ್ಕೆ ತನ್ನಿ, 200 ಹರ್ಟ್ಸಿನ ಕೆಳಗಿನದನ್ನು ಕತ್ತರಿಸಿ. ಪುಟ್ಟ ಸ್ಪೀಕರ್ ಅದನ್ನು ಹೇಗೂ ನುಡಿಸಲಾರದು, ಬರೇ ಗೊರಗುಟ್ಟುತ್ತದೆ. ಆದರೆ ಮೇಲಿನ ತುದಿಯನ್ನು ಮುಟ್ಟಬೇಡಿ. ‘ಸ’ ಮತ್ತು ‘ಶ’ಗಳ ವ್ಯತ್ಯಾಸ 4ರಿಂದ 8 ಕಿಲೋಹರ್ಟ್ಸಿನ ಸುತ್ತ ಇದೆ, ಕಾರ್ಡಿನಲ್ಲಿ ಜಾಗ ಉಳಿಸಲು ಫೈಲನ್ನು ತೀರಾ ಕುಗ್ಗಿಸಿದರೆ ಮೊದಲು ಸಾಯುವುದು ಅದೇ. ಒಂದೇ ಚಾನೆಲ್, ಸೆಕೆಂಡಿಗೆ 64 ಕಿಲೋಬಿಟ್ ಇದ್ದರೆ ಸಾಕು. ಫೈಲುಗಳನ್ನು ಸಂಖ್ಯೆಯ ಕ್ರಮದಲ್ಲೇ ಕಾರ್ಡಿಗೆ ನಕಲಿಸಿ. ಕೆಲವು ಅಗ್ಗದ ಪ್ಲೇಯರುಗಳು ಹೆಸರು ನೋಡುವುದಿಲ್ಲ, ನಕಲಾದ ಕ್ರಮ ನೋಡುತ್ತವೆ. ಆಗ ಕಾಗೆ ಇಟ್ಟರೆ ಹಸು ಅನ್ನುತ್ತದೆ. ಮ್ಯಾಕ್ ಕಂಪ್ಯೂಟರಿನಿಂದ ನಕಲಿಸಿದರೆ ಅದು ಸೇರಿಸುವ ಅಡಗಿದ ಫೈಲುಗಳೂ ಇದೇ ತೊಂದರೆ ಕೊಡುತ್ತವೆ, ಅಳಿಸಿ.

ಮಾತಿನ ಧಾಟಿಯ ಬಗ್ಗೆ ಒಂದು ಮಾತು. ಮೈಕಿನ ಮುಂದೆ ಕೂತ ತಕ್ಷಣ ಹೆಚ್ಚಿನವರು ಪುಸ್ತಕದ ಕನ್ನಡಕ್ಕೆ ಜಾರುತ್ತಾರೆ, ‘ಇದು ಬೆಕ್ಕು ಆಗಿರುತ್ತದೆ’ ಎನ್ನುತ್ತಾರೆ. ಮಗುವನ್ನೇ ಎದುರಿಗೆ ಕೂರಿಸಿ, ಬೊಂಬೆಯನ್ನು ಅದರ ಕೈಗೆ ಕೊಡುತ್ತಾ ಹೇಳಿಸಿ. ಆಗ ಬರುವ ಎಳೆತ, ಸಲಿಗೆ ಬೇರೆ ಹೇಗೂ ಬರುವುದಿಲ್ಲ.

ಆಟದ ಒಳಗಿನ ಲೆಕ್ಕ

ಬೊಂಬೆ ಇಡುವುದು, ಹೆಸರು ಕೇಳುವುದು ಒಂದೂವರೆ ವರ್ಷದಿಂದ ನಡೆಯುತ್ತದೆ. ಎರಡೂವರೆ ದಾಟಿದ ಮೇಲೆ ‘ಕಾಗೆ ಎಲ್ಲಿದೆ?’ ಎಂದು ಕೇಳಿಸಬಹುದು. ಇಲ್ಲಿ ಪ್ರಶ್ನೆಯ ನಂತರದ ಕಾಯುವಿಕೆಯೇ ವಿನ್ಯಾಸ. ತರಗತಿಯಲ್ಲಿ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರಕ್ಕೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರಿಸುವ ಮಕ್ಕಳೂ ಹೆಚ್ಚುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಪುಟ್ಟ ಮಗುವಿಗೆ, ಅದರಲ್ಲೂ ಮೂರು ಭಾಷೆಯ ನಡುವೆ ಹುಡುಕುವ ಮಗುವಿಗೆ, ಹತ್ತು ಸೆಕೆಂಡು ಕೊಡಿ. ಅಷ್ಟರ ನಂತರವೂ ಪ್ರಶ್ನೆಯನ್ನು ಮತ್ತೆ ಕೇಳುವುದು ಒಂದೇ ಸಲ. ಮಗು ಕಾಗೆಯ ಬದಲು ಬೆಕ್ಕನ್ನಿಟ್ಟರೆ ‘ಇದು ಬೆಕ್ಕು’ ಎಂದಷ್ಟೇ ಹೇಳಿ ನಿಲ್ಲಲಿ. ‘ತಪ್ಪು’ ಎಂಬ ಮಾತೂ ಬೇಡ, ತಪ್ಪಿಗೊಂದು ಸದ್ದೂ ಬೇಡ. ತಪ್ಪಿನ ಸದ್ದು ತಮಾಷೆಯಾಗಿದ್ದರೆ ಮಕ್ಕಳು ಅದನ್ನು ಕೇಳಲೆಂದೇ ತಪ್ಪು ಮಾಡುತ್ತಾರೆ. ಸರಿಗೆ ಹಾಡು ಬಂದರೆ ಹಾಡಿಗಾಗಿ ಆಡುತ್ತಾರೆ. ಪ್ರಶ್ನೆಗಳ ಕ್ರಮ ಪ್ರತಿಸಲ ಬದಲಾಗಬೇಕು. ಒಂದೇ ಕ್ರಮವಿದ್ದರೆ ಮಗು ಸರದಿಯನ್ನು ಬಾಯಿಪಾಠ ಮಾಡುತ್ತದೆ, ನಾವು ಹೆಸರು ಕಲಿಯಿತೆಂದು ಸಂತೋಷಪಡುತ್ತೇವೆ.

ಎಣಿಕೆಯ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೂರು ವರ್ಷದ ಮಗು ಹತ್ತರವರೆಗೆ ಗಡಗಡ ಹೇಳಬಹುದು, ಆದರೆ ‘ಮೂರು ಕೊಡು’ ಎಂದರೆ ಕೈಗೆ ಸಿಕ್ಕಷ್ಟು ಎತ್ತಿಕೊಡುತ್ತದೆ. ಮನೋವಿಜ್ಞಾನಿ ಕ್ಯಾರೆನ್ ವಿನ್ 1990ರಿಂದ ಪ್ರಕಟಿಸಿದ ಅಧ್ಯಯನಗಳಿಂದ ಇದರ ಮೆಟ್ಟಿಲುಗಳು ಗೊತ್ತಿವೆ: ಮೊದಲು ‘ಒಂದು’ ಮಾತ್ರ ಸರಿಯಾಗಿ ಕೊಡುತ್ತದೆ, ಕೆಲವು ತಿಂಗಳ ನಂತರ ‘ಎರಡು’, ಮತ್ತೆ ಕೆಲವು ತಿಂಗಳಿಗೆ ‘ಮೂರು’. ಆಮೇಲೆ, ಹೆಚ್ಚಾಗಿ ಮೂರೂವರೆ ನಾಲ್ಕರ ಸುಮಾರಿಗೆ, ಎಣಿಕೆಯ ಕೊನೆಯ ಪದವೇ ಗುಂಪಿನ ಸಂಖ್ಯೆ ಎಂಬುದು ಹೊಳೆದು ದೊಡ್ಡ ಸಂಖ್ಯೆಗಳೂ ಕೈಗೆ ಬರುತ್ತವೆ.

‘ಮೂರು ಕೊಡು’ ಎಂದಾಗ ಮಗು ತಟ್ಟೆಗೆ ಮರದ ಬಿಲ್ಲೆ ಹಾಕುವ ಆಟ ಇದು. ಇದಕ್ಕೆ ಟ್ಯಾಗ್ ರೀಡರ್ ಸಾಲದು, ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳನ್ನು ಅದು ನಂಬಿಕೆಯಿಂದ ಎಣಿಸುವುದಿಲ್ಲ. ತೂಕ ನೋಡುವುದು ಒಳ್ಳೆಯದು. ತೂಕಕ್ಕೆ ತಕ್ಕ ಸಂಕೇತ ಕೊಡುವ 5 ಕಿಲೋದ ಲೋಡ್ ಸೆಲ್, ಅದನ್ನು ಓದುವ ಎಚ್‌ಎಕ್ಸ್711 ಬೋರ್ಡು, ಮೇಲೆ ಮರದ ತಟ್ಟೆ. 50 ಮಿ.ಮೀ. ಅಗಲ, 20 ಮಿ.ಮೀ. ದಪ್ಪದ ಹಲಸಿನ ಬಿಲ್ಲೆ ಸುಮಾರು 23 ಗ್ರಾಂ ತೂಗುತ್ತದೆ. ಮಳೆಗಾಲದಲ್ಲಿ ಮರ ತೇವ ಎಳೆದುಕೊಂಡು ಒಂದೊಂದೂ ಗ್ರಾಮಿನಷ್ಟು ಏರುತ್ತದೆ. ಐದು ಬಿಲ್ಲೆಗೆ ಒಟ್ಟು ಏರಿಕೆ 5 ಗ್ರಾಂ, ಅರ್ಧ ಬಿಲ್ಲೆಗಿಂತ ಕಡಿಮೆ, ಲೆಕ್ಕ ತಪ್ಪದು. ಹತ್ತು ಬಿಲ್ಲೆ ಇಟ್ಟರೆ ಏರಿಕೆ ಅರ್ಧ ಬಿಲ್ಲೆಯ ಹತ್ತಿರ ಬರುತ್ತದೆ, ಆಗ ಒಂಬತ್ತನ್ನು ಹತ್ತು ಎನ್ನಬಹುದು. ಆದ್ದರಿಂದ ಐದಕ್ಕೆ ನಿಲ್ಲಿಸಿ, ಆಟದ ಮೊದಲು ಐದನ್ನೂ ಒಮ್ಮೆ ತಟ್ಟೆಗೆ ಸುರಿಸಿ ಅವತ್ತಿನ ಸರಾಸರಿ ತೂಕ ಹಿಡಿದುಕೊಳ್ಳುವ ಹಾಗೆ ಪ್ರೋಗ್ರಾಮ್ ಬರೆಯಿರಿ. ತಟ್ಟೆಯ ಕೆಳಗೆ ಗಟ್ಟಿ ತಡೆ ಇರಲಿ, ತಟ್ಟೆ 1 ಮಿ.ಮೀ. ತಗ್ಗುವಷ್ಟರಲ್ಲಿ ಅದಕ್ಕೆ ತಾಗಬೇಕು. ಮಗು ಅದರ ಮೇಲೆ ಕೂರುತ್ತದೆ, ತಡೆಯಿಲ್ಲದಿದ್ದರೆ ಲೋಡ್ ಸೆಲ್ ಬಾಗಿ ಶಾಶ್ವತವಾಗಿ ಸುಳ್ಳು ಹೇಳತೊಡಗುತ್ತದೆ.

ಈಗ ಮುಖ್ಯ ವಿಷಯ. ಒಂದೊಂದು ಬಿಲ್ಲೆ ಬಿದ್ದಾಗಲೂ ‘ಒಂಜಿ, ರಡ್ಡ್, ಮೂಜಿ’ ಎಂದು ಪೆಟ್ಟಿಗೆ ಎಣಿಸಿದರೆ ಚಂದ ಕೇಳಿಸುತ್ತದೆ, ಆದರೆ ಎಣಿಸುವ ಕೆಲಸವನ್ನು ಮಗುವಿನ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ಪೆಟ್ಟಿಗೆ ‘ಮೂಜಿ’ ಎಂದಾಗ ನಿಲ್ಲಿಸುವುದನ್ನು ಮಗು ಕಲಿಯುತ್ತದೆ, ಮೂರನ್ನಲ್ಲ. ಬಿಲ್ಲೆ ಹಾಕುವಷ್ಟು ಹೊತ್ತೂ ಪೆಟ್ಟಿಗೆ ಬಾಯಿ ಬಿಡಬಾರದು. ಮುಗಿಯಿತು ಎಂದು ಮಗುವೇ ಪಕ್ಕದ ಗಂಟೆ ಬಾರಿಸಿದ ಮೇಲೆ, ತಟ್ಟೆಯ ತೂಕ ಮುಕ್ಕಾಲು ಸೆಕೆಂಡು ಅಲುಗದೆ ನಿಂತ ಮೇಲೆ, ‘ಇಲ್ಲಿ ನಾಲ್ಕಿದೆ’ ಎನ್ನಲಿ. ಕೇಳಿದ್ದು ಮೂರಾಗಿದ್ದರೆ ಮುಂದಿನ ಮಾತು ಪಕ್ಕದಲ್ಲಿ ಕೂತವರದ್ದು. ಪ್ರಶ್ನೆಯ ಮಟ್ಟಕ್ಕೆ ಸರಳ ನಿಯಮ ಸಾಕು: ನಾಲ್ಕರಲ್ಲಿ ಮೂರು ಸರಿಯಾದರೆ ಒಂದು ಸಂಖ್ಯೆ ಮೇಲೆ, ಸತತ ಎರಡು ತಪ್ಪಿದರೆ ಒಂದು ಕೆಳಗೆ. ಅಣ್ಣ ಬಂದು ನಡುವೆ ಆಡಿದರೆ ಈ ಲೆಕ್ಕ ಕೆಡುತ್ತದೆ, ಅದಕ್ಕೆ ಮಗುವಿಗೊಂದು ತನ್ನದೇ ಬೊಂಬೆ ಇರಲಿ, ಅದನ್ನಿಟ್ಟರೆ ಅದರ ಮಟ್ಟ.

ಇಲ್ಲಿ ನಮ್ಮ ಕಡೆಯ ಚೆನ್ನೆಮಣೆ ಆಟದ ನೆನಪು ಬಾರದೆ ಇರದು. ಎರಡು ಸಾಲು, ಏಳೇಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಳು. ಒಂದು ಗುಳಿಗೆ ಒಂದು ಕಾಳು ಎಂದು ಹಾಕುತ್ತಾ ಹೋಗುವ ಆ ಕೈಚಲನೆಯೇ ಎಣಿಕೆಯ ತಿರುಳು. ಅದಕ್ಕೆ ಸೆನ್ಸರ್ ಜೋಡಿಸುವ ಯೋಚನೆ ಹಲವರಿಗೆ ಬರುತ್ತದೆ. ಜೋಡಿಸಬೇಡಿ ಎಂದೇ ಹೇಳುತ್ತೇವೆ, ಆ ಮಣೆಗೆ ಸೇರಿಸುವಂಥದ್ದು ಯಾವುದೂ ನಮ್ಮ ಹತ್ತಿರ ಇಲ್ಲ. ಐದು ವರ್ಷ ದಾಟಿದ ಮಗುವಿಗೆ ಆಟಿ ತಿಂಗಳ ಮಳೆಯಲ್ಲಿ ಅದನ್ನೇ ಕೊಡಿ. ಒಂದೇ ಎಚ್ಚರಿಕೆ: ಮಂಜೊಟ್ಟಿ ಸಿಗದಿದ್ದರೆ ಅದರ ಬದಲು ಕೆಂಪು ಕಪ್ಪಿನ ಗುಲಗಂಜಿ ಹಾಕಬೇಡಿ. ಅದನ್ನು ಅಗಿದು ನುಂಗಿದರೆ ಪ್ರಾಣಾಂತಿಕ ವಿಷ.

ನಾಲ್ಕು ದಾಟಿದವರಿಗೆ ನಿಯಮ ಬದಲಿಸುವ ಆಟ ಮಾಡಬಹುದು. ಕೆಂಪು ಮೀನು, ಹಳದಿ ಮೀನು, ಕೆಂಪು ದೋಣಿ, ಹಳದಿ ದೋಣಿ. ಎರಡು ಗುಳಿ, ಎರಡು ರೀಡರ್, ಎರಡರ ನಡುವೆ 10 ಸೆಂ.ಮೀ. ಅಂತರ, ಒಮ್ಮೆಗೆ ಒಂದೇ ರೀಡರ್ ಎಚ್ಚರ. ಮೊದಲು ಬಣ್ಣ ನೋಡಿ ಹಾಕುವ ಆಟ, ಆರು ಸಲದ ನಂತರ ‘ಇನ್ನು ಆಕಾರದ ಆಟ’. ಮನೋವಿಜ್ಞಾನಿ ಫಿಲಿಪ್ ಝೆಲಾಜೊ ಮತ್ತು ಸಂಗಡಿಗರ ಕಾರ್ಡ್ ವಿಂಗಡಿಸುವ ಪರೀಕ್ಷೆಯಿಂದ ಬಂದದ್ದು ಇದು. ಮೂರು ವರ್ಷದ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳಿಯೂ ಕೈಯಲ್ಲಿ ಹಳೆಯದನ್ನೇ ಮುಂದುವರಿಸುತ್ತಾರೆ. ಅವರಿಗೆ ಇದನ್ನು ಕೊಟ್ಟು ಕಾಡುವುದು ಬೇಡ. ಇಂಥ ಆಟದಿಂದ ಬುದ್ಧಿ ಚುರುಕಾಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆಯುವುದೂ ಬೇಡ. ಆಡಿದ ಆಟದಲ್ಲಿ ಮಗು ಚುರುಕಾಗುತ್ತದೆ, ಅದು ಬೇರೆ ಕೆಲಸಗಳಿಗೂ ಹರಡುತ್ತದೆ ಎನ್ನಲು ಆಧಾರ ದುರ್ಬಲ.

ಬಾಯಿಗೆ ಹೋಗುವುದು, ಮಳೆಗೆ ಕೆಡುವುದು

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿಭಾಗವೂ 31.7 ಮಿ.ಮೀ. ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದು. ಬೊಂಬೆಗಳನ್ನು ಎಲ್ಲ ಕಡೆಯಿಂದ 45 ಮಿ.ಮೀ.ಗಿಂತ ದೊಡ್ಡದು ಮಾಡಿದರೆ ಈ ಚಿಂತೆ ಇಲ್ಲ. ನಾಣ್ಯದಂಥ ಬ್ಯಾಟರಿ ಯಾವ ಕಾರಣಕ್ಕೂ ಬೇಡ. 20 ಮಿ.ಮೀ.ಯ ಸಿಆರ್2032 ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗಿನ ಅಂಗಾಂಶ ಸುಡತೊಡಗುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಬೊಂಬೆಗಳು ಅಂಟಿಕೊಳ್ಳಲೆಂದು ಪುಟ್ಟ ನಿಯೋಡಿಮಿಯಂ ಅಯಸ್ಕಾಂತ ಹಾಕುವ ಚಟವೂ ಬೇಡ, ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ. ಬ್ಯಾಟರಿ ಗೂಡಿನ ಬಾಗಿಲು ಸ್ಕ್ರೂಡ್ರೈವರ್ ಇಲ್ಲದೆ ತೆರೆಯಬಾರದು. ಮೇಜಿನೆತ್ತರದಿಂದ ಪೆಟ್ಟಿಗೆಯ ಒಂದೊಂದು ಮೂಲೆ ಕೆಳಗಾಗಿ ಸಿಮೆಂಟ್ ನೆಲಕ್ಕೆ ಬೀಳಿಸಿ ನೋಡಿ, ಬಾಗಿಲು ಬಿಚ್ಚಿಕೊಂಡರೆ ಆ ವಿನ್ಯಾಸ ಬಿಡಿ.

ಮೈಕ್ ಮತ್ತು ವೈಫೈ ಇದರಲ್ಲಿ ಇಲ್ಲದಿರುವುದು ಬೇಕೆಂದೇ. ಮಕ್ಕಳ ಮಾತನ್ನು ಅಂತರ್ಜಾಲಕ್ಕೆ ಕಳಿಸುತ್ತಿದ್ದ ‘ಮೈ ಫ್ರೆಂಡ್ ಕೇಲಾ’ ಬೊಂಬೆಯನ್ನು ಜರ್ಮನಿ 2017ರಲ್ಲಿ ಗುಪ್ತ ಕದ್ದಾಲಿಕೆಯ ಸಾಧನವೆಂದು ನಿಷೇಧಿಸಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ 18ರ ಒಳಗಿನವರ ಮಾಹಿತಿಗೆ ಹೆತ್ತವರ ಖಚಿತ ಒಪ್ಪಿಗೆ ಕೇಳುತ್ತದೆ. ಏನನ್ನೂ ಕೇಳಿಸಿಕೊಳ್ಳದ, ಎಲ್ಲಿಗೂ ಕಳಿಸದ ಪೆಟ್ಟಿಗೆಗೆ ಆ ತಲೆನೋವಿಲ್ಲ.

ಕರಾವಳಿಯ ಮಳೆಗಾಲ ಇದಕ್ಕೆ ನಿಜವಾದ ಪರೀಕ್ಷೆ. ಹಸಿ ಮರದಲ್ಲಿ ಮಾಡಿದ ಪೆಟ್ಟಿಗೆ ಬೇಸಿಗೆಯಲ್ಲಿ ಸೀಳುತ್ತದೆ, ಆಚಾರಿಯವರಲ್ಲಿ ಕೇಳಿ ಚೆನ್ನಾಗಿ ಒಣಗಿದ ಹಲಸನ್ನೇ ತನ್ನಿ. ಒಣ ಮರವೂ ಜೂನ್ ಕಳೆದರೆ ಉಬ್ಬುತ್ತದೆ, ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಗುಳಿಗೂ ಬೊಂಬೆಗೂ ನಡುವೆ ಸುತ್ತ 1.5 ಮಿ.ಮೀ. ಬಿಡದಿದ್ದರೆ ಆಗಸ್ಟಿನಲ್ಲಿ ಬೊಂಬೆ ಸಿಕ್ಕಿಕೊಂಡು ಮಗು ಅಳುತ್ತದೆ. ಬಣ್ಣಕ್ಕೆ ಚನ್ನಪಟ್ಟಣದ ಪದ್ಧತಿಯ ಅರಗು ಚೆನ್ನ, ಆದರೆ ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಅಂಗನವಾಡಿಯಲ್ಲಿ ಸ್ಯಾನಿಟೈಸರ್ ಹಾಕಿ ಒರೆಸಿದರೆ ಹೊಳಪು ಹೋಗಿ ಅಂಟಂಟಾಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ ಗಾಳಿಗಿಡುವಂತೆ ಹೇಳಬೇಕು. ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಬಾಯಿಗೆ ಹೋಗುವ ವಸ್ತುವಿಗೆ ಬೇಡ. ತೆಂಗಿನೆಣ್ಣೆ ಒಣಗುವುದೇ ಇಲ್ಲ, ಕಮಟು ಹಿಡಿಯುತ್ತದೆ. ಬೋರ್ಡುಗಳಿಗೆ ಎರಡು ಕೈ ಅಕ್ರಿಲಿಕ್ ಲೇಪ ಬಳಿಯಿರಿ, ಕಾರ್ಡಿನ ಸೀಳು ಮತ್ತು ಪ್ಲಗ್ಗುಗಳನ್ನು ಟೇಪಿನಿಂದ ಮುಚ್ಚಿಕೊಂಡು. ಸ್ಪೀಕರಿನ ಕೋನ್ ಕಾಗದದ್ದಾದರೆ ಒಂದೇ ಮಳೆಗಾಲಕ್ಕೆ ಸಡಿಲವಾಗುತ್ತದೆ, ಪ್ಲಾಸ್ಟಿಕಿನದ್ದು ಕೇಳಿ ತನ್ನಿ. ಕಡಲಿಗೆ ಹತ್ತಿರದ ಕುಂಬಳೆ, ಉಪ್ಪಳದಂಥ ಕಡೆ ಉಪ್ಪುಗಾಳಿಗೆ ಸೆಲ್ಲಿನ ಸ್ಪ್ರಿಂಗು ಹಸಿರುಗಟ್ಟುತ್ತದೆ. ಮರಳುಕಾಗದದಿಂದ ಉಜ್ಜಿದರೆ ಲೇಪ ಹೋಗಿ ಇನ್ನೂ ಬೇಗ ಕೆಡುತ್ತದೆ, ಲಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ನೀರಿನಲ್ಲಿ ಅದ್ದಿದ ಇನ್ನೊಂದರಿಂದ ಒರೆಸಿ, ಚೆನ್ನಾಗಿ ಒಣಗಿಸಿ.

ಮನೆಗೋ ಪಕ್ಕದ ಅಂಗನವಾಡಿಗೋ ಒಂದು ಮಾಡಿಕೊಡುವುದು ಬೇರೆ, ಮಾರುವುದು ಬೇರೆ. 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಸಾಮಾನ್ಯ ಆಟಿಕೆಗೆ ಐಎಸ್ 9873, ವಿದ್ಯುತ್ ಇದ್ದರೆ ಐಎಸ್ 15644 ಕೂಡ. ಮಾರುವ ಯೋಚನೆ ಇದ್ದರೆ ಮರ ಕೊರೆಯುವ ಮೊದಲೇ ಆ ಮಾನಕ ತೆಗೆದು ಓದಿ.

ಪೆಟ್ಟಿಗೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ಕಾಗದ, ಪೆನ್ಸಿಲ್ ಸಾಕು. ಹತ್ತು ನಿಮಿಷ ಪೆಟ್ಟಿಗೆ ಆನ್ ಮಾಡಿ, ಇನ್ನೊಂದು ದಿನ ಅದೇ ಹೊತ್ತಿಗೆ ಹತ್ತು ನಿಮಿಷ ಆಫ್ ಮಾಡಿ ಬರೇ ಬೊಂಬೆ ಕೊಟ್ಟು, ಮಗು ಮತ್ತು ದೊಡ್ಡವರ ನಡುವೆ ಮಾತು ಎಷ್ಟು ಸಲ ಆಚೀಚೆ ಹೋಯಿತು ಎಂದು ಗೆರೆ ಎಳೆಯಿರಿ. ಒಂದು ದಿನದ ಲೆಕ್ಕ ನಂಬಬೇಡಿ, ಹಸಿವು ನಿದ್ದೆಯ ಮೇಲೆ ಎಲ್ಲ ಬದಲಾಗುತ್ತದೆ, ಒಂದೆರಡು ವಾರ ನೋಡಿ. ಆನ್ ಮಾಡಿದಾಗ ಗೆರೆ ಕಡಿಮೆಯಾದರೆ ಫೈಲುಗಳನ್ನು ಚಿಕ್ಕದು ಮಾಡಿ, ಕಾಯುವ ಹೊತ್ತು ಹೆಚ್ಚಿಸಿ, ಮತ್ತೆ ಎಣಿಸಿ. ಹಾಗೆ ತಿದ್ದುವಾಗೆಲ್ಲ ಹಳೆಯ ಫೈಲುಗಳನ್ನು ಅಳಿಸದೆ ಕಂಪ್ಯೂಟರಿನಲ್ಲಿ ದಿನಾಂಕ ಹಾಕಿ ಇಟ್ಟುಕೊಳ್ಳಿ, ತಂತಿಗಳ ನಕ್ಷೆಯನ್ನು ಮಡಚಿ ಪೆಟ್ಟಿಗೆಯ ತಳದೊಳಗೆ ಅಂಟಿಸಿ. ಅಂಗನವಾಡಿಗೆ ಕೊಡುವುದಾದರೆ ಟೀಚರಿಗೆ ಇನ್ನೊಂದು ಕಾರ್ಡಿನಲ್ಲಿ ಇಡೀ ಪ್ರತಿ ಕೊಟ್ಟುಬಿಡಿ. ಮೊದಲು ಕೈಕೊಡುವುದು ಬಹುಪಾಲು ಕಾರ್ಡೇ, ಬದಲಿಸಿ ಹಾಕುವುದು ಅವರಿಗೆ ಎರಡು ನಿಮಿಷದ ಕೆಲಸ.